ಕಾಫಿ ಸಸಿ: ಸ್ವಂತ ಬೀಜವೋ, ನರ್ಸರಿಯದ್ದೋ, ಗುಂಪಿನದ್ದೋ?

ಕಾಫಿ ಗಿಡ ಒಮ್ಮೆ ನೆಟ್ಟರೆ 20–30 ವರ್ಷ ನಮ್ಮ ಜೊತೆಗೇ ಇರುತ್ತದೆ. ಒಳ್ಳೆಯ ಫಸಲು ಕಾಣಲು 3–4 ವರ್ಷ ಬೇಕು. ಸಸಿ ಕಳಪೆ ಅಂತ ಗೊತ್ತಾಗುವಷ್ಟರಲ್ಲಿ ಗೊಬ್ಬರ, ಕೂಲಿ ಎಲ್ಲಾ ಖರ್ಚಾಗಿರುತ್ತದೆ. ದೊಡ್ಡ ತೋಟದವರು ಒಂದು ತಾಕು ಕಿತ್ತು ಮತ್ತೆ ನೆಡಬಹುದು. ಒಂದೆರಡು ಎಕರೆಯವರಿಗೆ ಅದು ಆಗದ ಮಾತು. ಕಾಫಿಯ ಒಂದು ಜಾತಿಯಾದ ಅರೇಬಿಕಾಗೆ ನಾನು ಮೂರು ದಾರಿಯಲ್ಲಿ ಸಸಿ ಹಾಕಿ ನೋಡಿದ್ದೇನೆ.

ಸ್ವಂತ ಬೀಜಕ್ಕೆ ಖರ್ಚು ಕಡಿಮೆ. ರೋಗವಿಲ್ಲದ, ಚೆನ್ನಾಗಿ ಕಾಯಿ ಬಿಡುವ ಗಿಡದಿಂದ ಪೂರ್ತಿ ಹಣ್ಣಾದದ್ದನ್ನೇ ಆರಿಸಿ, ಕೈಯಲ್ಲೇ ಸಿಪ್ಪೆ ಬಿಡಿಸಿ, ನೀರಲ್ಲಿ ತೇಲಿದ್ದನ್ನು ತೆಗೆದು, ಬೂದಿ ಸವರಿ ನೆರಳಲ್ಲಿ ಒಣಗಿಸುತ್ತೇನೆ. ಅರೇಬಿಕಾದಲ್ಲಿ ಹೆಚ್ಚಾಗಿ ಸ್ವಪರಾಗಸ್ಪರ್ಶವೇ ಆಗುವುದರಿಂದ, ಹಳೆಯ ಸ್ಥಿರ ತಳಿಯಾದರೆ ಮರಿಗಳೂ ಬಹುತೇಕ ತಾಯಿಯ ಹಾಗೇ ಬರುತ್ತವೆ. ಆದರೆ ತಾಯಿ ಎಫ್1 ಹೈಬ್ರಿಡ್ (ಎರಡು ಬೇರೆ ತಳಿ ಕೂಡಿಸಿದ ಮೊದಲ ಪೀಳಿಗೆಯ ಗಿಡ) ಆಗಿದ್ದರೆ ಈ ದಾರಿ ಬೇಡವೇ ಬೇಡ. ಅದರ ಮರಿಗಳಲ್ಲಿ ಒಂದು ಗಿಡ ಎತ್ತರ, ಒಂದು ಗಿಡ್ಡ, ಎಲೆ ತುಕ್ಕು ರೋಗ ತಡೆಯುವ ಗುಣ ಒಂದರಲ್ಲಿ ಇದ್ದರೆ ಇನ್ನೊಂದರಲ್ಲಿ ಇಲ್ಲ.

ನರ್ಸರಿಯ ಸಸಿಯಲ್ಲಿ ಸಮಯ ಉಳಿಯುತ್ತದೆ. ಮಳೆ ಹಿಡಿಯುವ ಹೊತ್ತಿಗೆ ತಂದು ನೆಟ್ಟರಾಯಿತು. ನಾನು ತಂದ ಲಾಟಿನ ಸಸಿಗಳೂ ಮೇಲ್ನೋಟಕ್ಕೆ ಮಿರಮಿರ ಮಿಂಚುತ್ತಿದ್ದವು. ಒಂದು ಬ್ಯಾಗ್ ಸೀಳಿ, ಮಣ್ಣು ತೊಳೆದು ನೋಡಿದರೆ ತಾಯಿಬೇರು ತಳದಲ್ಲಿ ಕೊಕ್ಕೆಯಂತೆ ಮಡಚಿಕೊಂಡಿತ್ತು. ಇಂಥ ಗಿಡ ಮೊದಮೊದಲು ಚೆನ್ನಾಗೇ ಕಾಣುತ್ತದೆ, ಆಮೇಲೆ ಬೇಸಿಗೆ ಬಂದಾಗ ಎಲ್ಲಕ್ಕಿಂತ ಮೊದಲು ಬಾಡುತ್ತದೆ. ಇನ್ನೂ ಬೇಜಾರಾಗಿದ್ದು ಬೀಜದ ವಿಷಯ. ತಳಿಯ ಹೆಸರು ಥಟ್ ಅಂತ ಹೇಳಿದರು, ಬೀಜ ಯಾವ ತಾಕಿನದು ಅಂದರೆ ಉತ್ತರ ಇಲ್ಲ. ಎಲೆಯ ಡಿಎನ್‌ಎ ಪರೀಕ್ಷೆಯಿಂದ ತಳಿ ಪತ್ತೆ ಮಾಡಬಹುದು ನಿಜ, ಆದರೆ ನೂರಿನ್ನೂರು ಸಸಿ ಕೊಳ್ಳುವವನು ಅದನ್ನೆಲ್ಲ ಮಾಡಿಸಲು ಆಗುತ್ತದಾ? ಒಳ್ಳೆಯ ನರ್ಸರಿಯವರೂ ಇದ್ದಾರೆ. ಬೀಜ ತಂದ ರಸೀದಿ ತೋರಿಸುತ್ತಾರೆ, ಒಂದು ಬ್ಯಾಗ್ ಸೀಳಲು ಬಿಡುತ್ತಾರೆ. ಇವೆರಡಕ್ಕೂ ಒಪ್ಪದವರ ಹತ್ತಿರ ನಾನು ಕೊಳ್ಳುವುದಿಲ್ಲ.

ನನ್ನ ಓಟು ಮೂರನೆಯದಕ್ಕೆ: ಅಕ್ಕಪಕ್ಕದವರು ಸೇರಿ, ದೃಢೀಕೃತ ಬೀಜ ತಂದು, ಒಂದೇ ಕಡೆ ಸಸಿ ಮಾಡುವುದು. ಲೆಕ್ಕ ನೋಡಿ. ಒಂದು ಕಿಲೋ ಅರೇಬಿಕಾ ಬೀಜದಿಂದ ಸುಮಾರು 3,000 ಸಸಿ ಆಗುತ್ತವೆ. 6 ಅಡಿಗೆ 6 ಅಡಿ ನೆಟ್ಟರೆ ಎಕರೆಗೆ ಬೇಕಾಗಿದ್ದು 1,210 ಮಾತ್ರ. ಉಳಿದ ಬೀಜವನ್ನು ಮುಂದಿನ ವರ್ಷಕ್ಕೆ ಇಡೋಣ ಅಂದರೆ ಕಾಫಿ ಬೀಜ ಕೆಲವೇ ತಿಂಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಒಬ್ಬನಿಗೆ ಜಾಸ್ತಿಯಾಗುವ ಬೀಜ ಹಂಚಿಕೊಂಡರೆ ಸರಿಹೋಗುತ್ತದೆ. ಸಣ್ಣವರಿಗೆ ಒಳ್ಳೆಯ ಸಸಿ ಸಿಗದಿರಲು ದೊಡ್ಡ ಕಾರಣವೂ ಇದೇ. ಬಿಡಿಬಿಡಿಯಾಗಿ, ಅದೂ ಮಳೆ ಬಂದ ಮೇಲೆ ಕೇಳಿದರೆ ಯಾರೂ ನಮಗಾಗಿ ಸಸಿ ಮಾಡಿಟ್ಟಿರುವುದಿಲ್ಲ. ಒಟ್ಟಿಗೆ ಹಿಂದಿನ ವರ್ಷವೇ ಲೆಕ್ಕ ಕೊಟ್ಟರೆ ಬೀಜ ಕೊಡುವವರೂ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಗುಂಪಿನ ಪಾತಿಯಲ್ಲಿ ಬೇರಿನ ಮೇಲೆ ನಮ್ಮ ಕಣ್ಣೂ ಇರುತ್ತದೆ. ಬಿತ್ತಿ ಸುಮಾರು 45 ದಿನಕ್ಕೆ ಮೊಳಕೆ ಬೀಜದ ಟೋಪಿ ಹೊತ್ತು ಮೇಲೇಳುತ್ತದೆ. ಆಗಲೇ ಬ್ಯಾಗಿಗೆ ಹಾಕಬೇಕು. ಟೋಪಿ ಬಿದ್ದು ಎಲೆ ಬಿಚ್ಚುವವರೆಗೆ ಬಿಟ್ಟರೆ ಬೇರು ಉದ್ದವಾಗಿ, ನೆಡುವಾಗ ಮಡಚುತ್ತದೆ. ಬ್ಯಾಗಿಗೆ ಆರು ಪಾಲು ಕಾಡುಮಣ್ಣು, ಎರಡು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ತೊಂದರೆ ಬರುವುದು ನೀರು ಹಾಕುವ ಸರದಿಯಲ್ಲಿ. ಎಲ್ಲರಿಗೂ ಕೆಲಸ ಇರುವ ದಿನ ಪಾತಿ ಒಣಗುತ್ತದೆ. ಸರದಿ ಪದ್ಧತಿ ಬಿಟ್ಟು ಒಬ್ಬರಿಗೆ ಕೂಲಿ ಕೊಟ್ಟು ಒಪ್ಪಿಸುವುದೇ ಸರಿ. ಸೊರಗಿದ ಸಸಿಯನ್ನು ಯಾರಿಗೂ ಹಂಚದೆ ಎಸೆಯಬೇಕು ಅನ್ನೋದನ್ನೂ ಮೊದಲೇ ಮಾತಾಡಿಕೊಳ್ಳಿ.

ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾ ಬೆಳೆಯುವವರಿಗೆ ಈ ಲೆಕ್ಕ ಬೇರೆ. ಅದು ಪರಪರಾಗಸ್ಪರ್ಶದ ಗಿಡ, ಎಷ್ಟೇ ಒಳ್ಳೆಯ ತಾಯಿಯ ಬೀಜ ಹಾಕಿದರೂ ಮರಿಗಳು ಒಂದೊಂದು ಥರ. ಅಲ್ಲಿ ಆರಿಸಿದ ಗಿಡದ ಕಡ್ಡಿಯಿಂದ ಬೇರು ಬರಿಸಿದ ಕ್ಲೋನ್ ಸಸಿಯೇ ಒಳ್ಳೆಯದು. ಅದರಲ್ಲೂ ಒಂದೇ ಕ್ಲೋನ್ ತುಂಬಬೇಡಿ. ಒಂದು ಕ್ಲೋನಿನ ಪರಾಗ ಅದೇ ಕ್ಲೋನಿನ ಹೂವಿಗೆ ಕೂಡುವುದಿಲ್ಲ, ಕಾಯಿ ಕಟ್ಟಬೇಕಾದರೆ ಒಟ್ಟಿಗೆ ಹೂ ಬಿಡುವ ಬೇರೆ ಬೇರೆ ಕ್ಲೋನ್‌ಗಳನ್ನು ಬೆರೆಸಿ ನೆಡಬೇಕು.