ಮಂಡಿಯೂರಿ ಅಳೆದ ಪ್ಯಾಡಲ್: 60 ಇಂಚಿನಿಂದ 56ಕ್ಕೆ

ವಸ್ತು: ರಭಸದ ನೀರಿನ ಕನೂ ದೋಣಿಗೆಂದು ಮಾಡಿದ ಒಂಟಿ ಅಲಗಿನ ಪ್ಯಾಡಲ್. ಫೈಬರ್‌ಗ್ಲಾಸ್ ಅಲಗು, ಕಾರ್ಬನ್ ಕೋಲು, ಮೇಲ್ತುದಿಯಲ್ಲಿ ಟಿ ಆಕಾರದ ಹಿಡಿ. ಕೊಂಡಾಗ 60 ಇಂಚು ಇತ್ತು, ಈಗ 56 ಇಂಚು ಇದೆ. ಕೆಲವು ಮಳೆಗಾಲಗಳಿಂದ ಬಳಸುತ್ತಿದ್ದೇನೆ. ಈ ಬರಹದ ಬಹುಪಾಲು ಆ ನಾಲ್ಕು ಇಂಚುಗಳ ಬಗ್ಗೆಯೇ ಇದೆ. ಬಣ್ಣ, ತೂಕ, ಬೆಲೆ ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಉದ್ದ.

ಬೆಂಗಳೂರಿನಲ್ಲಿದ್ದುಕೊಂಡು ಕನೂ ಪ್ಯಾಡಲ್ ಕೊಳ್ಳುವುದೆಂದರೆ ಮುಟ್ಟಿ ನೋಡದೆ ಕೊಳ್ಳುವುದು. ನಾನು ಅಲೆದ ಸಾಹಸ ಕ್ರೀಡೆಯ ಅಂಗಡಿಗಳಲ್ಲಿ ಇದ್ದದ್ದು ಕಯಾಕ್‌ನ ಎರಡು ಅಲಗಿನ ಪ್ಯಾಡಲ್‌ಗಳು ಮಾತ್ರ. ಪ್ರಯೋಗ ಮಾಡಿ ನೋಡಲು ಇಲ್ಲಿ ನೊರೆಯುಕ್ಕಿ ಹರಿಯುವ ಬಿಳಿ ನೀರೂ ಇಲ್ಲ, ಬೆಳ್ಳಂದೂರು ಕೆರೆಯ ನೊರೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಕಾವೇರಿ ನೂರು ಕಿಲೋಮೀಟರ್ ದೂರದಿಂದ ನಮ್ಮ ನಲ್ಲಿಗೆ ಬರುತ್ತಾಳೆ, ಆದರೆ ದೋಣಿ ಇಳಿಸಬೇಕೆಂದರೆ ನಾವೇ ಅವಳ ಬಳಿಗೆ ಹೋಗಬೇಕು. ನನ್ನ ದೋಣಿ ಕಾಳಿ ನದಿಯ ಬಳಿಯ ಗಣೇಶಗುಡಿಯಲ್ಲಿ ಗೆಳೆಯರ ಮನೆಯಲ್ಲೇ ಇರುತ್ತದೆ. ಪ್ಯಾಡಲ್ ಮಾತ್ರ ನನ್ನೊಡನೆ ರಾತ್ರಿ ಬಸ್ಸಿನಲ್ಲಿ ಹೋಗಿ ಬರುತ್ತದೆ.

ಹೊರದೇಶದಿಂದ ತರಿಸಿದ ಈ ಪ್ಯಾಡಲ್‌ನ ಮಾರಾಟಗಾರರು ಕೊಟ್ಟ ಪಟ್ಟಿಯಲ್ಲಿ ಎರಡೇ ಅಂಕಣಗಳಿದ್ದವು: ನಿಮ್ಮ ಎತ್ತರ ಇಷ್ಟು, ಪ್ಯಾಡಲ್‌ನ ಉದ್ದ ಇಷ್ಟು. ಅಲಗನ್ನು ಬಿಟ್ಟು ಬರೀ ಕೋಲಿನ ಉದ್ದ ಎಷ್ಟು ಎಂದು ಇಮೇಲ್‌ನಲ್ಲಿ ಕೇಳಿದ್ದಕ್ಕೆ ಅದೇ ಪಟ್ಟಿಯನ್ನು ಮತ್ತೊಮ್ಮೆ ಕಳುಹಿಸಿದರು. ಪ್ಯಾಡಲ್‌ಗೆ ನಾನು ಕೊಡುವ ಅಂಕ ಏನೇ ಇರಲಿ, ಆ ಪಟ್ಟಿಗೆ ಸೊನ್ನೆ.

ಕಾರಣ ಸರಳ. ನಿಂತಾಗಿನ ಎತ್ತರದಲ್ಲಿ ಅರ್ಧದಷ್ಟು ಕಾಲಿನದು. ರಭಸದ ನೀರಿನಲ್ಲಿ ಕನೂ ನಡೆಸುವವರು ಮಂಡಿಯೂರಿ ಕೂರುತ್ತಾರೆ. ಕಾಲುಗಳು ಹಿಂದಕ್ಕೆ ಮಡಚಿಕೊಂಡು ಆಸನದ ಅಡಿಯಲ್ಲಿ ಇರುತ್ತವೆ, ಅವುಗಳ ಉದ್ದಕ್ಕೂ ನೀರಿಗೂ ಸಂಬಂಧವೇ ಇಲ್ಲ. ನನ್ನ ಅಕ್ಕನ ಮಗ ನನಗಿಂತ ನಾಲ್ಕು ಬೆರಳು ಎತ್ತರ. ಪಕ್ಕಪಕ್ಕದಲ್ಲಿ ಮಂಡಿಯೂರಿದರೆ ಇಬ್ಬರ ಮೂಗೂ ಒಂದೇ ಮಟ್ಟಕ್ಕೆ ಬರುತ್ತದೆ. ಪಟ್ಟಿಯನ್ನು ನಂಬಿದರೆ ಅವನಿಗೆ ನನಗಿಂತ ಉದ್ದದ ಪ್ಯಾಡಲ್ ಬೇಕು. ನದಿಯಲ್ಲಿ ನನ್ನದನ್ನೇ ಹಿಡಿದು ಆರಾಮವಾಗಿ ಹೋಗುತ್ತಾನೆ.

ಒಟ್ಟು ಉದ್ದವೂ ಅರ್ಧ ಸತ್ಯವೇ. 57 ಇಂಚು ಎಂದು ಬರೆದಿರುವ ಎರಡು ಪ್ಯಾಡಲ್‌ಗಳಲ್ಲಿ ಒಂದರ ಅಲಗು 20 ಇಂಚು, ಇನ್ನೊಂದರದು 25 ಇಂಚು ಇದ್ದರೆ ಕೋಲಿನಲ್ಲಿ ಐದು ಇಂಚು ವ್ಯತ್ಯಾಸ ಬಂತು. ಎಳೆಯುವಾಗ ಅಲಗು ಪೂರ್ತಿ ನೀರಿನಲ್ಲಿ ಮುಳುಗಿರಬೇಕು. ನೀರಿನಿಂದ ನಮ್ಮ ಮೇಲಿನ ಕೈವರೆಗೆ ಇರುವುದು ಕೋಲು, ಹಾಗಾಗಿ ಮೈಗೆ ಹೊಂದಬೇಕಾದದ್ದೂ ಅದೇ.

ಅಳತೆಯನ್ನು ಮನೆಯಲ್ಲೇ ತೆಗೆಯಬಹುದು. ನನ್ನ ದೋಣಿಯ ಆಸನ ತಳದಿಂದ 23 ಸೆಂ.ಮೀ. ಎತ್ತರದಲ್ಲಿದೆ. ಹಳೆಯ ವಾರಪತ್ರಿಕೆಗಳನ್ನು ಅಷ್ಟೇ ಎತ್ತರಕ್ಕೆ ಜೋಡಿಸಿ, ಮಂಡಿಯನ್ನು ನೆಲಕ್ಕೂರಿ ಅದರ ಮೇಲೆ ಕುಳಿತು, ಎಳೆಯುವಾಗ ಮೇಲಿನ ಕೈ ಮೂಗಿನ ಮಟ್ಟದಲ್ಲಿರಬೇಕಾದ್ದರಿಂದ ಮೂಗಿನಿಂದ ನೆಲಕ್ಕೆ ಟೇಪು ಹಿಡಿಸಿದೆ: 98 ಸೆಂ.ಮೀ. ನಾನು ಕೂತಾಗ ದೋಣಿ ಸುಮಾರು 10 ಸೆಂ.ಮೀ. ಮುಳುಗುತ್ತದೆ, ಅದನ್ನು ಕಳೆದರೆ 88. ಇದು ಕೋಲು. ಅಲಗಿನ 51 ಸೆಂ.ಮೀ. ಸೇರಿಸಿದರೆ 139. ನೊರೆಯಲ್ಲಿ ಗಾಳಿಯೇ ಹೆಚ್ಚು, ಅಲಗಿಗೆ ಹಿಡಿತ ಸಿಗಬೇಕಾದರೆ ಇನ್ನಷ್ಟು ಆಳಕ್ಕೆ ಇಳಿಯಬೇಕು, ಅದಕ್ಕೆ 3 ಸೆಂ.ಮೀ. ಬಿಟ್ಟುಕೊಂಡೆ. ಒಟ್ಟು 142, ಅಂದರೆ 56 ಇಂಚು. ಈ ಕಸರತ್ತನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಪೂಜೆ ಯಾವ ದೇವರಿಗೆ?"

ಲೆಕ್ಕ ಸಿಕ್ಕಿತೆಂದು ಮೊದಲ ದಿನವೇ ಕತ್ತರಿಸಲಿಲ್ಲ. ಹಿಡಿಯನ್ನು ಅಂಟಿಸದೆ ಕೊಡುವ ಮಾದರಿಯನ್ನೇ ಹುಡುಕಿ ತರಿಸಿದ್ದು ಅದಕ್ಕಾಗಿ. ಎಸ್.ಪಿ. ರಸ್ತೆಯಲ್ಲಿ ಸಿಗುವ ಬಿಸಿ ಅಂಟಿನ ಕಡ್ಡಿಯಿಂದ ಹಿಡಿಯನ್ನು ಕೂರಿಸಿ, ನದಿಗೆ ಹೋಗಿ ಬಂದು, ಬಿಸಿ ಗಾಳಿ ತಾಗಿಸಿ ಕಿತ್ತು, ಒಂದು ಇಂಚು ಕೊಯ್ದು, ಮತ್ತೆ ಕೂರಿಸುವುದು. ಕಾರ್ಬನ್ ಕೊಯ್ಯುವಾಗ ಸುತ್ತ ಟೇಪು ಸುತ್ತಿ, ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ. ಆ ಪುಡಿ ಶ್ವಾಸಕೋಶಕ್ಕೆ ಹೋಗಬಾರದು.

60 ಇಂಚಿನಲ್ಲಿ ಮೇಲಿನ ಕೈ ಪ್ರತಿ ಎಳೆತಕ್ಕೂ ಹಣೆಯನ್ನು ದಾಟುತ್ತಿತ್ತು. ಸಂಜೆಯ ಹೊತ್ತಿಗೆ ಭುಜ ಸೋಲುತ್ತಿತ್ತು. ಸೋಲುವುದು ದೊಡ್ಡದಲ್ಲ. ತೋಳು ಮೇಲಕ್ಕೆ, ಹೊರಕ್ಕೆ ಚಾಚಿಕೊಂಡಿರುವಾಗ ಅಲೆ ಪ್ಯಾಡಲ್ಲನ್ನು ಎಳೆದರೆ ಭುಜದ ಕೀಲು ತಪ್ಪುವ ಅಪಾಯವಿದೆ. ಇನ್ನೊಂದು ತೊಡಕೂ ಇತ್ತು. ಒಬ್ಬರೇ ನಡೆಸುವ ಕನೂವಿನಲ್ಲಿ ಕೈ ಬದಲಿಸದೆ, ಅಲಗನ್ನು ದೋಣಿಯ ಮೂತಿಯ ಮೇಲಿಂದ ಆಚೆ ಬದಿಗೆ ದಾಟಿಸಿ ಎಳೆಯುವುದುಂಟು. ಬಂಡೆಯ ಹಿಂದಿನ ತಿರುಗುನೀರಿಗೆ ಥಟ್ಟನೆ ನುಗ್ಗಬೇಕಾದಾಗ ಇದೇ ಗತಿ. ಉದ್ದದ ಕೋಲು ಆಗ ದೋಣಿಯ ಅಂಚಿಗೆ ತಗಲುತ್ತಿತ್ತು. ಎರವಲು ಪಡೆದ 54 ಇಂಚಿನದರಲ್ಲಿ ಸಮಸ್ಯೆ ಉಲ್ಟಾ. ಅಲಗು ಮುಳುಗಲು ಸೊಂಟ ಬಾಗಿಸಬೇಕು, ಬಾಗಿದರೆ ದೋಣಿಯೂ ಅದೇ ಬದಿಗೆ ವಾಲುತ್ತದೆ.

58 ಮತ್ತು 56ರ ನಡುವೆ ಬಹಳ ದಿನ ಮನಸ್ಸು ತೂಗಾಡಿತು. ಗಣೇಶಗುಡಿಯಲ್ಲಿ ಕಾಳಿ ನದಿ ಸೂಪಾ ಅಣೆಕಟ್ಟು ಬಿಟ್ಟಷ್ಟು ಹರಿಯುತ್ತದೆ. ನೀರು ಬಿಟ್ಟಾಗ ಅಲೆ ದೊಡ್ಡದು, ಆಳ ಧಾರಾಳ. ಅಲೆಯ ತಗ್ಗಿನಲ್ಲಿ ಅಲಗು ಕೆಲವೊಮ್ಮೆ ನೀರನ್ನೇ ಮುಟ್ಟುವುದಿಲ್ಲ, ಅಲ್ಲಿ 58 ಹಿತ ಎನ್ನಿಸಿತು. ಕೊಡಗಿನ ಬರಪೊಳೆ ಬೇರೆ ಸ್ವಭಾವದ್ದು. ಮಳೆಗಾಲದಲ್ಲಿ ಮಾತ್ರ ಆಟಕ್ಕೆ ಒದಗುವ ಇಕ್ಕಟ್ಟಾದ ಹೊಳೆ, ಬಂಡೆಗಳ ನಡುವೆ ತಿರುವಿನ ಮೇಲೆ ತಿರುವು. ಅಲ್ಲಿ 58 ಇಂಚಿನ ಪ್ಯಾಡಲ್ ಹೆಜ್ಜೆಗೊಮ್ಮೆ ಕಲ್ಲಿಗೆ ಬಡಿಯುತ್ತಿತ್ತು. ಕಾಳಿಯಲ್ಲಿ 56 ಸ್ವಲ್ಪ ಕಡಿಮೆ ಎನ್ನಿಸಿದರೂ ಕೆಲಸ ನಡೆಯುತ್ತದೆ, ಬರಪೊಳೆಯಲ್ಲಿ 58 ಕೆಲಸ ಕೆಡಿಸುತ್ತದೆ. ಮೊದಲು ಹಾಕಿದ ಲೆಕ್ಕವೂ 56 ಎಂದೇ ಹೇಳಿತ್ತು. ಅಲ್ಲಿಗೇ ನಿಲ್ಲಿಸಿದೆ.

ಇನ್ನು ಬಾಳಿಕೆ. ಕೋಲು ಹೊಸದರಂತೆಯೇ ಇದೆ, ಗೀರುಗಳನ್ನು ಬಿಟ್ಟರೆ. ಕೆಳಗಿನ ಕೈ ಹಿಡಿಯುವಲ್ಲಿ ಅದನ್ನು ಮೊಟ್ಟೆಯಾಕಾರಕ್ಕೆ ಮಾಡಿರುವುದು ಕಾಗದದ ಮೇಲೆ ಸಣ್ಣ ವಿಷಯವೆನಿಸಿತ್ತು. ನೀರು ಮುಖಕ್ಕೆ ಹೊಡೆದು ಕಣ್ಣು ಮುಚ್ಚಿದಾಗಲೂ ಅಲಗು ಯಾವ ಕೋನದಲ್ಲಿದೆ ಎಂದು ಬೆರಳುಗಳಿಗೆ ತಿಳಿಯುತ್ತದೆ. ಟಿ ಹಿಡಿಯ ಉಪಯೋಗವೂ ಅದೇ. ಅಲಗಿನ ತುದಿ ಕಲ್ಲಿಗೆ ತಾಗಿ ತಾಗಿ ಸವೆದು, ಒಂದು ಮೂಲೆಯಲ್ಲಿ ಪದರ ಬಿಟ್ಟಿತ್ತು. ಒಣಗಿಸಿ, ಮರಳುಕಾಗದದಿಂದ ಉಜ್ಜಿ, ಗ್ಲಾಸ್ ಬಟ್ಟೆಯ ತುಂಡನ್ನು ಎಪಾಕ್ಸಿಯಲ್ಲಿ ನೆನೆಸಿ ಹಚ್ಚಿದೆ. ನೋಡಲು ಚೆಂದವಿಲ್ಲ, ಗಟ್ಟಿಯಾಗಿದೆ. ಈ ಬೆಲೆಗೆ ತುದಿಗೊಂದು ಲೋಹದ ಪಟ್ಟಿ ಹಾಕಿ ಕೊಡಬಹುದಿತ್ತು ಎಂಬುದು ನನ್ನ ಮುಖ್ಯ ತಕರಾರು.

ಬಿಸಿ ಅಂಟಿನ ವಿಷಯದಲ್ಲಿ ಎಚ್ಚರ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ್ದ ಕಾರಿನೊಳಗೆ ಅಂಟು ಮೆತ್ತಗಾಗಿ ಹಿಡಿ ತುಸು ತಿರುಗಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ತಿರುವು, ಆದರೆ ದೋಣಿ ಒಂದೇ ಸಮನೆ ಬದಿಗೆಳೆಯುತ್ತಿತ್ತು. ಪ್ರಯೋಗಕ್ಕೆ ಬಿಸಿ ಅಂಟು, ಉದ್ದ ತೀರ್ಮಾನವಾದ ಮೇಲೆ ಎಪಾಕ್ಸಿ. ಅಂಟಿಸುವಾಗ ಹಿಡಿ ಮತ್ತು ಅಲಗು ಒಂದೇ ಸಮತಲದಲ್ಲಿವೆಯೇ ಎಂದು ಮೇಜಿನ ಮೇಲಿಟ್ಟು ನೋಡಿಕೊಳ್ಳಿ.

ನನ್ನ 56 ನಿಮ್ಮದಾಗಬೇಕಿಲ್ಲ. ಮೇಲೆ ಮುಚ್ಚಿದ, ಒಲಿಂಪಿಕ್ ಸ್ಲಾಲಂನಲ್ಲಿ (ರಭಸದ ನೀರಿನಲ್ಲಿ ತೂಗುಬಿಟ್ಟ ಕಂಬಗಳ ನಡುವೆ ನುಸುಳುವ ಸ್ಪರ್ಧೆ) ಕಾಣುವ ಸಿ-1 ಬಗೆಯ, ಒಬ್ಬರೇ ನಡೆಸುವ ದೋಣಿಯಲ್ಲಿ ಮೈ ನೀರಿಗೆ ಹತ್ತಿರವಿರುವುದರಿಂದ ಇನ್ನೂ ಗಿಡ್ಡದು ಸಾಕು. ಇಬ್ಬರು ನಡೆಸುವ ತೆರೆದ ಕನೂವಿನಲ್ಲಿ ಹಿಂದೆ ಕೂರುವವರಿಗೆ ದಿಕ್ಕು ತಿದ್ದಲು ಒಂದೆರಡು ಇಂಚು ಹೆಚ್ಚಿದ್ದರೆ ಅನುಕೂಲ. ಕೆರೆ, ಹಿನ್ನೀರುಗಳಲ್ಲಿ ದೂರ ಹೋಗುವವರು ಬಳಸುವ ಬಾಗಿದ ಕೋಲಿನ ಪ್ಯಾಡಲ್ಲನ್ನು ಈ ಕೆಲಸಕ್ಕೆ ತರಬೇಡಿ. ಅದರ ಅಲಗು ಒಂದೇ ಮುಖದಿಂದ ಎಳೆಯಲೆಂದು ಮಾಡಿದ್ದು, ರಭಸದ ನೀರಿನಲ್ಲಿ ಅಲಗಿನ ಎರಡೂ ಮುಖಗಳಿಗೆ ಕೆಲಸವಿದೆ.

ಐದಕ್ಕೆ ನಾಲ್ಕು ಅಂಕ. ಕೊಳ್ಳುವುದಾದರೆ 60 ಇಂಚಿನದನ್ನೇ, ಹಿಡಿ ಅಂಟಿಸದೆ ಕಳುಹಿಸುವಂತೆ ಕೇಳಿ ತರಿಸಿಕೊಳ್ಳಿ. ಗರಗಸ ತಾಗಿದ ಪ್ಯಾಡಲ್ಲನ್ನು ನನ್ನ ಮಾರಾಟಗಾರರು ವಾಪಸು ಪಡೆಯುವುದಿಲ್ಲ, ಹಾಗಾಗಿ ಪೆಟ್ಟಿಗೆ ಬಂದ ದಿನವೇ ಅಲಗು ಮತ್ತು ಕೋಲು ಸೇರುವ ಜಾಗದಲ್ಲಿ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ.