ಟೇಗಲ್ ಸೆರೆಮನೆಯ ಪತ್ರಗಳು: ಕೊಳ್ಳುವುದಾದರೆ ಪೂರ್ಣ ಆವೃತ್ತಿಯನ್ನೇ ಕೊಳ್ಳಿ

ಜರ್ಮನಿಯ ಲೂಥರನ್ ಸಭಾಪಾಲಕ ಡೀಟ್ರಿಶ್ ಬಾನ್‌ಹಾಫರ್ ಅವರನ್ನು ಹಿಟ್ಲರನ ಆಡಳಿತ 1943ರ ಏಪ್ರಿಲ್ 5ರಂದು ಬಂಧಿಸಿತು. ಬರ್ಲಿನ್ನಿನ ಟೇಗಲ್ ಸೆರೆಮನೆಯಲ್ಲಿ ಕಳೆದ ಒಂದೂವರೆ ವರ್ಷದಲ್ಲಿ ಅವರು ಬರೆದ ಪತ್ರ, ಕವಿತೆ, ಟಿಪ್ಪಣಿಗಳನ್ನು ಗೆಳೆಯ ಎಬರ್‌ಹಾರ್ಡ್ ಬೆತ್ಗೆ 1951ರಲ್ಲಿ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ‘ಲೆಟರ್ಸ್ ಅಂಡ್ ಪೇಪರ್ಸ್ ಫ್ರಂ ಪ್ರಿಸನ್’ ಎಂಬ ಹೆಸರಿನ ಈ ಪುಸ್ತಕಕ್ಕೆ ಹಲವು ಆವೃತ್ತಿಗಳಿವೆ. ಮೊದಲ ಮುದ್ರಣಗಳು ಆಯ್ದ ಭಾಗಗಳಷ್ಟೇ. 1971ರ ವಿಸ್ತೃತ ಆವೃತ್ತಿಯಲ್ಲಿ ತಂದೆತಾಯಿ ಮತ್ತು ಬಂಧುಗಳು ಬರೆದ ಉತ್ತರಗಳೂ ಸೇರಿವೆ. 2010ರಲ್ಲಿ ಫೋರ್ಟ್ರೆಸ್ ಪ್ರೆಸ್ ಹೊರತಂದ ದಪ್ಪ ಸಂಪುಟದಲ್ಲಿ ವಿವರವಾದ ಅಡಿಟಿಪ್ಪಣಿಗಳಿವೆ. ಬೆಲೆ ಕಡಿಮೆಯೆಂದು ಆಯ್ದ ಭಾಗಗಳ ಪ್ರತಿಯನ್ನು ಕೊಳ್ಳಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ.

ಇದಕ್ಕೆ ಕಾರಣವಿದೆ. 1944ರ ಏಪ್ರಿಲ್ 30ರ ಪತ್ರದಲ್ಲಿ ಬರುವ ‘ಧರ್ಮರಹಿತ ಕ್ರೈಸ್ತತ್ವ’ ಎಂಬ ಮಾತನ್ನು ಬಿಡಿಯಾಗಿ ಓದಿದವರು, ಈ ಪಾದ್ರಿ ಆರಾಧನೆಯನ್ನೂ ಪ್ರಾರ್ಥನೆಯನ್ನೂ ಬಿಟ್ಟರೆಂದೇ ಭಾವಿಸುತ್ತಾರೆ. ಪೂರ್ಣ ಪತ್ರಗಳಲ್ಲಿ ಕಾಣುವ ಮನುಷ್ಯ ದಿನವೂ ಬೈಬಲ್ಲಿನ ಕೀರ್ತನೆಗಳನ್ನು ಓದುವವರು, ಹದಿನೇಳನೆಯ ಶತಮಾನದ ಜರ್ಮನ್ ಗೀತಕಾರ ಪೌಲ್ ಗೆರ್‌ಹಾರ್ಟನ ಗೀತೆಗಳಿಂದ ಧೈರ್ಯ ತಂದುಕೊಳ್ಳುವವರು. ಬಾಸೆಲ್ ಮಿಷನ್ ಹಿನ್ನೆಲೆಯ ನಮ್ಮ ಸಭೆಗಳಲ್ಲಿ (ಚರ್ಚುಗಳಲ್ಲಿ) ಜರ್ಮನ್ ರಾಗಗಳಿಗೆ ಕನ್ನಡ ಗೀತೆಗಳನ್ನು ಹಾಡಿ ಬೆಳೆದವರಿಗೆ ಈ ಪುಟಗಳು ತೀರಾ ಹತ್ತಿರದವೆನಿಸುತ್ತವೆ. ಇದೇ ಮನುಷ್ಯ, ಬಾಂಬ್ ದಾಳಿಯ ರಾತ್ರಿ ಎಲ್ಲರೂ ನೆಲಕ್ಕೆ ಒರಗಿದ್ದಾಗ, ಸದಾ ಹಗುರವಾಗಿ ವರ್ತಿಸುತ್ತಿದ್ದವನೊಬ್ಬ ‘ದೇವರೇ, ದೇವರೇ’ ಎಂದು ಕೂಗಿಕೊಂಡರೂ ಅವನಿಗೆ ಧಾರ್ಮಿಕ ಸಾಂತ್ವನ ಹೇಳಲಿಲ್ಲ. ಗಡಿಯಾರ ನೋಡಿ, ಇನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಇರಲಾರದು ಎಂದರು. ಹೆದರಿದವನ ದೌರ್ಬಲ್ಯವನ್ನು ದೇವರ ಹೆಸರಿನಲ್ಲಿ ಬಳಸಿಕೊಳ್ಳಲು ಅವರ ಮನಸ್ಸು ಒಪ್ಪಲಿಲ್ಲ. ನಮ್ಮ ಅರಿವು ಮುಗಿದಲ್ಲಿ ದೇವರನ್ನು ತಂದು ನಿಲ್ಲಿಸಬಾರದು, ಅರಿತ ಬದುಕಿನ ನಡುವೆಯೇ ಆತನನ್ನು ಕಾಣಬೇಕು ಎಂದು ಮೇ 29ರ ಪತ್ರದಲ್ಲಿ ಅವರು ಬರೆಯುವಾಗ, ಆ ಮಾತಿನ ಹಿಂದೆ ಆ ರಾತ್ರಿಯೂ ಇದೆ ಎಂದು ನನಗೆ ತೋರುತ್ತದೆ. ಆಯ್ದ ಉಕ್ತಿಗಳನ್ನಷ್ಟೇ ಓದಿದವರಿಗೆ ಈ ಸಂಬಂಧ ಸಿಗುವುದಿಲ್ಲ.

ಸಾರ್ವಜನಿಕ ಬದುಕಿನ ಬಗೆಗಿನ ಅತ್ಯುತ್ತಮ ಬರಹ ಪುಸ್ತಕದ ಆರಂಭದಲ್ಲೇ ಇದೆ. ಬಂಧನಕ್ಕೆ ಮುಂಚೆ, 1942ರ ಕ್ರಿಸ್‌ಮಸ್ ವೇಳೆಗೆ, ಕೆಲವೇ ಆಪ್ತರಿಗೆಂದು ಬರೆದ ಲೇಖನವದು. ಕೆಡುಕಿಗಿಂತ ಮೂಢತನವೇ ಹೆಚ್ಚು ಅಪಾಯಕಾರಿ. ಅಧಿಕಾರದ ಅಬ್ಬರಕ್ಕೆ ಸಿಕ್ಕಿದ ಜನ ತಾವಾಗಿ ಯೋಚಿಸುವುದನ್ನೇ ಬಿಡುತ್ತಾರೆ ಎಂಬ ವಿಶ್ಲೇಷಣೆಯನ್ನು ಸಾವಧಾನವಾಗಿ ಓದಬೇಕು.

ಸಭೆಯ ಆಚರಣೆಯ ವಿಷಯದಲ್ಲಿ ಅವರು ಇನ್ನೂ ನಿಷ್ಠುರರು. 1944ರ ಆಗಸ್ಟ್‌ನಲ್ಲಿ ಬರೆದ, ಮುಂದೆ ಬರೆಯಬೇಕೆಂದಿದ್ದ ಪುಸ್ತಕವೊಂದರ ರೂಪುರೇಷೆಯಲ್ಲಿ, ಇತರರಿಗಾಗಿ ಇರುವಾಗ ಮಾತ್ರ ಸಭೆ ಸಭೆಯಾಗಿರುತ್ತದೆ, ಅದು ತನ್ನ ಆಸ್ತಿಯನ್ನೆಲ್ಲ ಅಗತ್ಯವುಳ್ಳವರಿಗೆ ಕೊಡಬೇಕು, ಪಾದ್ರಿಗಳು ಜನರ ಸ್ವಇಚ್ಛೆಯ ಕಾಣಿಕೆಯಿಂದ ಬದುಕಬೇಕು, ಇಲ್ಲವೇ ಹೊರಗೆ ದುಡಿಯಬೇಕು ಎನ್ನುತ್ತಾರೆ. ಜಮೀನು, ಕಟ್ಟಡ, ಬಾಡಿಗೆಯ ಮಾತಿನಲ್ಲೇ ಸಭಾ ಸಮಿತಿಯ ಸಂಜೆಗಳು ಕಳೆದುಹೋಗುವುದನ್ನು ನೋಡಿರುವ ನನಗೆ ಈ ಎರಡು ಮೂರು ಪುಟಗಳಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ.

ಕೊರತೆಗಳೂ ಇವೆ. ರೂಪುರೇಷೆ ಹಾಕಿದ್ದ ಆ ಪುಸ್ತಕ ನಮಗೆ ಸಿಗಲೇ ಇಲ್ಲ; ಸೆಪ್ಟೆಂಬರಿನಲ್ಲಿ ಬಂದ ಪತ್ರಗಳನ್ನು ತಾವೇ ಬಂಧಿತರಾಗುವ ಸಂದರ್ಭದಲ್ಲಿ ಬೆತ್ಗೆ ಸುಟ್ಟುಹಾಕಬೇಕಾಯಿತು. ಹೀಗಾಗಿ ಮುಖ್ಯ ವಿಚಾರಗಳು ಮೊಳಕೆಯಲ್ಲೇ ನಿಲ್ಲುತ್ತವೆ. 1943ರ ಮೇ ತಿಂಗಳಲ್ಲಿ ಬೆತ್ಗೆಯವರ ಮದುವೆಗೆಂದು ಬರೆದ ಉಪದೇಶದಲ್ಲಿ ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎಂಬ ಭಾಗವನ್ನು ನಾನು ಒಪ್ಪಲಾರೆ. ಅವರ ವಾಗ್ದತ್ತ ವಧು ಮರಿಯಾ ಫಾನ್ ವೆಡೆಮಾಯರ್ ಜೊತೆಗಿನ ಪತ್ರವ್ಯವಹಾರ 1992ರಲ್ಲಿ ಪ್ರತ್ಯೇಕ ಪುಸ್ತಕವಾಗಿ ಬಂದಿದೆ. ಅದನ್ನು ಇಲ್ಲಿ ಹುಡುಕಬಾರದು.

ಒಬ್ಬರೇ ಓದುವವರಿಗೆ 1971ರ ಆವೃತ್ತಿ ಸಾಕು. ಸಭೆಯ ಅಧ್ಯಯನ ಗುಂಪಿನಲ್ಲಿ ಓದುವುದಾದರೆ, ಮುನ್ನಡೆಸುವವರ ಕೈಯಲ್ಲಿ 2010ರ ಸಂಪುಟದ ಒಂದು ಪ್ರತಿ ಇರಲಿ. ಸೆನ್ಸಾರಿಗೆ ಹೆದರಿ ಮರೆಮಾಚಿ ಬರೆದ ಮಾತುಗಳು ಅದರ ಅಡಿಟಿಪ್ಪಣಿಗಳಿಲ್ಲದೆ ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ.