ಗಾನ್ ಗರ್ಲ್: ಹಿಂದಿನ ಪುಟಕ್ಕೆ ಮರಳಲು ಬಂದರೇ ಪೂರ್ತಿ ರುಚಿ

ಮೊದಲೇ ಹೇಳಿಬಿಡುತ್ತೇನೆ: ಪುಸ್ತಕ ಕೊಳ್ಳಿ. ಗಿಲಿಯನ್ ಫ್ಲಿನ್ ಅವರ ‘ಗಾನ್ ಗರ್ಲ್’ ಕಾದಂಬರಿ ಬಂದದ್ದು 2012ರಲ್ಲಿ. 2014ರಲ್ಲಿ ಡೇವಿಡ್ ಫಿಂಚರ್ ಅದನ್ನು ಸಿನಿಮಾ ಮಾಡಿದರು, ಚಿತ್ರಕಥೆಯನ್ನು ಫ್ಲಿನ್ ಅವರೇ ಬರೆದರು. ಆಡಿಯೊ ಪುಸ್ತಕವೂ ಇದೆ. ಮೂರನ್ನೂ ಮುಗಿಸಿದ ಮೇಲೆ ನನಗನಿಸಿದ್ದು ಇಷ್ಟು: ಸಿನಿಮಾ ಚೆನ್ನಾಗಿದೆ, ಆಡಿಯೊ ಪರವಾಗಿಲ್ಲ, ಆದರೆ ಈ ಕಥೆಯ ಕೈಚಳಕ ಪೂರ್ತಿಯಾಗಿ ಸಿಗುವುದು ಕಾಗದದ ಮೇಲೆ. ಕಾರಣ ಹೇಳಬೇಕೆಂದರೆ ತಿರುವನ್ನು ಬಿಚ್ಚಲೇಬೇಕು. ಕಥೆ ಗೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಿ, ಓದಿ ಮುಗಿಸಿಕೊಂಡು ಬನ್ನಿ. ಪುಸ್ತಕದ ಬೆನ್ನಿನ ಮೇಲಿನ ಸಾರಾಂಶವನ್ನೂ ನೋಡಬೇಡಿ.

ಮಿಸ್ಸೋರಿ ರಾಜ್ಯದ ಒಂದು ಸಣ್ಣ ಊರು. ಮದುವೆಯ ಐದನೇ ವಾರ್ಷಿಕೋತ್ಸವದ ದಿನ ಏಮಿ ಕಾಣೆಯಾಗುತ್ತಾಳೆ, ಗಂಡ ನಿಕ್ ಮೇಲೆ ಅನುಮಾನ ಬೀಳುತ್ತದೆ. ಒಂದು ಅಧ್ಯಾಯ ನಿಕ್‌ನ ಈಗಿನ ಮಾತು, ಮುಂದಿನದು ಏಮಿಯ ದಿನಚರಿ. ಆ ದಿನಚರಿ 2005ರ ಜನವರಿಯಿಂದ ಶುರುವಾಗಿ ಹಂತಹಂತವಾಗಿ ಭಯದ ಕಡೆಗೆ ಸಾಗುತ್ತದೆ. ಎರಡನೇ ಭಾಗದ ಮೊದಲ ಪುಟದಲ್ಲಿ ಬಾಂಬು: ಏಮಿ ಬದುಕಿದ್ದಾಳೆ. ಗಂಡನನ್ನು ಕೊಲೆಗಾರನಾಗಿಸಲು, ಮರಣದಂಡನೆ ಜಾರಿಯಲ್ಲಿರುವ ರಾಜ್ಯದಲ್ಲಿ ಅವನನ್ನು ಸಾವಿನ ಬಾಗಿಲಿಗೆ ತಂದು ನಿಲ್ಲಿಸಲು, ಅವಳೇ ಕೂತು ಹೆಣೆದ ದಿನಚರಿ ಅದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮಲ್ಲಿ ಹೇಳುತ್ತೇವೆ. ಇಲ್ಲಿ ಉಂಡು ಮಲಗಿದ ಮೇಲೇ ಒಬ್ಬಳು ಎದ್ದು ಬರೆಯುತ್ತಾಳೆ.

ಸಿನಿಮಾದ ತೊಡಕು ಇಲ್ಲೇ ಇರುವುದು, ಅದೂ ಸಣ್ಣದಲ್ಲ. ಪುಸ್ತಕದಲ್ಲಿ ದಿನಚರಿ ಎಂದರೆ ಯಾರೋ ಬರೆದ ಅಕ್ಷರ. ಓದುವಾಗ ನಂಬುತ್ತೇವೆ, ನಿಜ. ಆದರೆ ಅದನ್ನು ಬರೆದ ಕೈಯೊಂದು ಇದೆ ಎಂಬ ಅರಿವು ಒಳಗೆಲ್ಲೋ ಇದ್ದೇ ಇರುತ್ತದೆ. ಸುಳ್ಳು ಹೊರಬಿದ್ದಾಗ ಹಳೆಯ ಪುಟಗಳೆಲ್ಲ ಒಮ್ಮೆಲೇ ಬೇರೆ ಅರ್ಥ ಕೊಡತೊಡಗುತ್ತವೆ. ಸಿನಿಮಾಕ್ಕೆ ಆ ಸೌಲಭ್ಯವಿಲ್ಲ. ಪೆನ್ನು ಕಾಗದದ ಮೇಲೆ ಓಡುವುದನ್ನು ತೋರಿಸಿ ಫಿಂಚರ್ ನೆನಪಿಸುತ್ತಾರಾದರೂ, ಅದರ ಹಿಂದೆಯೇ ಬರುವ ಫ್ಲ್ಯಾಶ್‌ಬ್ಯಾಕ್ ದೃಶ್ಯ ಕಣ್ಣಿಗೆ ನಡೆದ ಸಂಗತಿಯಂತೆಯೇ ಕಾಣುತ್ತದೆ. ನಿಕ್ ಅವಳನ್ನು ತಳ್ಳುತ್ತಾನೆ, ಅವಳು ಬೀಳುತ್ತಾಳೆ. ಅದನ್ನು ನಾವೇ ಕಂಡಿದ್ದೇವೆ!

ಆಮೇಲೆ ಏಮಿ ಕಾರು ಓಡಿಸುತ್ತ, ಶುರುವಿನ ಸುಖದ ದಿನಗಳು ನಿಜ, ಹಿಂಸೆ ಭಯ ಎಲ್ಲ ಕಟ್ಟಿದ್ದು ಎಂದು ಒಂದೆರಡು ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ. ಒಮ್ಮೆ ಕಣ್ಣಲ್ಲಿ ಕೂತ ದೃಶ್ಯವನ್ನು ಕಿವಿಗೆ ಬಿದ್ದ ಒಂದು ವಾಕ್ಯ ಅಳಿಸಲಾರದು. ಹಾಗಾಗಿ ಸಿನಿಮಾ ಮುಗಿದ ಮೇಲೂ ‘ಅವನು ತಳ್ಳಿದ್ದನಲ್ಲ?’ ಎಂಬ ಪ್ರಶ್ನೆ ಹೋಗುವುದಿಲ್ಲ. ಆ ಗೊಂದಲ ಬೇಕೆಂದೇ ಇಟ್ಟದ್ದು ಎಂದು ವಾದಿಸಬಹುದು. ನನಗೆ ಅದು ಮಾಧ್ಯಮದ ಮಿತಿಯಾಗಿಯೇ ಕಾಣುತ್ತದೆ, ಏಕೆಂದರೆ ಯಾವ ದಿನ ನಿಜ, ಯಾವ ದಿನ ಸುಳ್ಳು ಎಂದು ತಾಳೆ ಹಾಕಲು ನೋಡುಗರಿಗೆ ಸಾಕ್ಷ್ಯವೇ ಉಳಿಯುವುದಿಲ್ಲ.

ಇನ್ನೊಂದು ನಷ್ಟ ನಿಕ್‌ನ ದನಿ. ಪುಸ್ತಕದಲ್ಲಿ ಅವನೂ ನಮಗೆ ನೇರ ಮಾತಾಡುತ್ತಾನೆ. ಪೊಲೀಸರಿಗೆ ಹೇಳಿದ ಸುಳ್ಳುಗಳನ್ನು ತಾನೇ ಎಣಿಸಿ ಒಪ್ಪಿಸುತ್ತಾನೆ, ಆದರೂ ಆ್ಯಂಡಿ ಎಂಬ ವಿದ್ಯಾರ್ಥಿನಿಯೊಂದಿಗಿನ ಸಂಬಂಧವನ್ನು ಬಹಳ ಪುಟಗಳ ತನಕ ನಮ್ಮಿಂದಲೇ ಮುಚ್ಚಿಡುತ್ತಾನೆ. ಹೀಗೆ ಗಂಡ ಹೆಂಡತಿ ಇಬ್ಬರೂ ಓದುಗರಿಗೆ ಮೋಸ ಮಾಡುತ್ತಾರೆ, ದಾಂಪತ್ಯದ ಕೊಳೆ ಇಬ್ಬರ ಕೈಗೂ ಅಂಟುತ್ತದೆ. ಸಿನಿಮಾದಲ್ಲಿ ನಿಕ್‌ನ ಒಳಮಾತು ಮೊದಲಿಗೂ ಕೊನೆಗೂ ತುಸು ಬಿಟ್ಟರೆ ಇಲ್ಲ. ಅದರಿಂದ ತಕ್ಕಡಿ ವಾಲಿ, ಏಮಿ ರಾಕ್ಷಸಿ, ಇವನು ಸಿಕ್ಕಿಬಿದ್ದ ಪೆದ್ದ ಎಂಬಂತಾಗುತ್ತದೆ. ನ್ಯೂಯಾರ್ಕಿನವಳನ್ನು ತನ್ನೂರಿಗೆ ಎಳೆದು ತಂದು, ಅವಳದೇ ದುಡ್ಡಿನಲ್ಲಿ ಬಾರ್ ತೆರೆದು, ಆಮೇಲೆ ಅವಳತ್ತ ತಿರುಗಿಯೂ ನೋಡದ ಗಂಡನ ಸಣ್ಣತನ ಪುಸ್ತಕದಲ್ಲಿ ಕುಟುಕುವಷ್ಟು ಇಲ್ಲಿ ಕುಟುಕುವುದಿಲ್ಲ.

ಪುಸ್ತಕವನ್ನು ಎರಡನೇ ಸಲ ಓದುವ ಕ್ರಮ ಹೇಳುತ್ತೇನೆ. ಮೊದಲ ಓದು ಮುಗಿದ ಮೇಲೆ ಒಂದು ವಾರ ಬಿಡಿ. ಆಮೇಲೆ ಮೊದಲ ಭಾಗದ ದಿನಚರಿ ಅಧ್ಯಾಯಗಳನ್ನಷ್ಟೇ, ನಿಕ್‌ನದನ್ನು ಹಾರಿಸಿ, ಸಾಲಾಗಿ ಓದಿ. ಎರಡು ಮೂರು ಗಂಟೆಯ ಕೆಲಸ. ಪೆನ್ಸಿಲ್ ಹಿಡಿದು ಎರಡು ಸಂಗತಿಗೆ ಗುರುತು ಹಾಕಿ. ಒಂದು, ಅವಳು ಅಲ್ಲಲ್ಲಿ ಸೇರಿಸುವ ‘ಎ, ಬಿ, ಸಿ’ ಮಾದರಿಯ ಪ್ರಶ್ನೆಗಳು. ಏಮಿ ಮನಶ್ಶಾಸ್ತ್ರ ಓದಿ ಪತ್ರಿಕೆಗಳಿಗೆ ವ್ಯಕ್ತಿತ್ವದ ಕ್ವಿಜ್ ಬರೆಯುತ್ತಿದ್ದವಳು. ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಬಲ್ಲವಳು ತನ್ನನ್ನೇ ಸರಿಯುತ್ತರವಾಗಿ ಬರೆದುಕೊಳ್ಳುತ್ತಿದ್ದಾಳೆ ಎಂಬುದು ಎರಡನೇ ಓದಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಇನ್ನೊಂದು, ಗಂಡನ ತಪ್ಪು ಹೇಳಿದ ಕೂಡಲೇ ಅವನ ಪರ ವಹಿಸುವ ಸಾಲು. ಓದುವ ಪೊಲೀಸರಿಗೆ ಅವಳ ಮೇಲೆ ಕನಿಕರ ಹುಟ್ಟುವುದು ಆ ಸಾಲಿನಿಂದ. ಪುಸ್ತಕದ ಲೆಕ್ಕದಲ್ಲಿ ಒಟ್ಟು 152 ದಿನಗಳ ಬರಹ ಅದು. ಸಿನಿಮಾದ ಏಮಿ ಕನಿಷ್ಠ 300 ಬೇಕು ಎನ್ನುತ್ತಾಳೆ.

ನಿಧಿ ಹುಡುಕುವ ಆಟವೂ ಪುಸ್ತಕದಲ್ಲೇ ತುಂಬಿಕೊಂಡಿದೆ. ಪ್ರತಿ ವಾರ್ಷಿಕೋತ್ಸವಕ್ಕೆ ಏಮಿ ಪ್ರಾಸದಲ್ಲಿ ಸುಳಿವು ಬರೆದಿಡುತ್ತಾಳೆ. ಈ ಸಲದ ಒಂದೊಂದು ಸುಳಿವೂ ನಿಕ್ ಆ್ಯಂಡಿಯ ಜೊತೆ ಕಳೆದ ಜಾಗಕ್ಕೇ ಅವನನ್ನು ಕರೆದೊಯ್ಯುತ್ತದೆ. ಅದರಲ್ಲಿ ಮಾರ್ಕ್ ಟ್ವೇನ್ ಬಾಲ್ಯ ಕಳೆದ ಹ್ಯಾನಿಬಲ್ ಊರಿನ ಸುಳಿವನ್ನು ಸಿನಿಮಾ ಕೈಬಿಟ್ಟಿದೆ. ನಮ್ಮ ಓದುಗರು ತಿಳಿದಿರಬೇಕಾದ್ದೊಂದಿದೆ: ಅಮೆರಿಕದ ರೂಢಿಯಲ್ಲಿ ಮೊದಲ ವರ್ಷದ ಉಡುಗೊರೆ ಕಾಗದ, ಎರಡನೆಯದು ಹತ್ತಿ, ಮೂರನೆಯದು ಚರ್ಮ, ಐದನೆಯದು ಮರ. ಇದು ಗೊತ್ತಿದ್ದರೆ ಕೊನೆಗೆ ಸಿಗುವ ಪಂಚ್ ಮತ್ತು ಜೂಡಿ ಮರದ ಗೊಂಬೆಗಳು ಏಕೆ ನಡುಕ ಹುಟ್ಟಿಸುತ್ತವೆ ಎಂದು ಅರ್ಥವಾಗುತ್ತದೆ. ಆ ಹಳೆಯ ಗೊಂಬೆಯಾಟದಲ್ಲಿ ಪಂಚ್ ಹೆಂಡತಿಯನ್ನು ಬಡಿದು ಕೊಲ್ಲುತ್ತಾನೆ.

ಸಿನಿಮಾ ಗೆಲ್ಲುವ ಕಡೆ ಸ್ಪಷ್ಟವಾಗಿಯೇ ಗೆಲ್ಲುತ್ತದೆ. ಕಾಣೆಯಾದ ಹೆಂಡತಿಯ ಭಿತ್ತಿಪತ್ರದ ಪಕ್ಕ ನಿಂತ ನಿಕ್ ಪಾತ್ರಧಾರಿ ಬೆನ್ ಅಫ್ಲೆಕ್ ತುಟಿಯಲ್ಲಿ ಅಭ್ಯಾಸಬಲದಿಂದ ಮೂಡುವ ಒಂದು ನಗು. ಊರೆಲ್ಲ ಅವನನ್ನು ಏಕೆ ದ್ವೇಷಿಸುತ್ತದೆ ಎಂದು ಪುಸ್ತಕ ಪುಟಗಟ್ಟಲೆ ಹೇಳಿದ್ದು ಆ ಒಂದು ಕ್ಷಣದಲ್ಲಿ ಮುಗಿಯುತ್ತದೆ. ಏಮಿಯಾಗಿ ನಟಿಸಿದ ರೋಸಮಂಡ್ ಪೈಕ್ ಆಸ್ಕರ್‌ಗೆ ನಾಮನಿರ್ದೇಶನಗೊಂಡದ್ದು ನ್ಯಾಯವೇ. ಟ್ರೆಂಟ್ ರೆಜ್ನರ್ ಮತ್ತು ಆಟಿಕಸ್ ರಾಸ್ ಅವರ ಸಂಗೀತ ಮಸಾಜ್ ಕೇಂದ್ರದಲ್ಲಿ ಕೇಳುವಂಥ ಹಿತದಲ್ಲಿ ಶುರುವಾಗಿ ಒಳಗೊಳಗೇ ಕೆಡುತ್ತ ಹೋಗುತ್ತದೆ. ಫಿಂಚರ್ ಕೇಳಿದ್ದೂ ಅದನ್ನೇ.

ಮನೆಮಂದಿಯ ಜೊತೆ ನೋಡುವ ಸಿನಿಮಾ ಅಲ್ಲ. ಏಮಿ ತನ್ನ ಹಳೆಯ ಪ್ರಿಯಕರ ಡೆಸಿಯನ್ನು ಕೊಲ್ಲುವುದು ಪುಸ್ತಕದಲ್ಲಿ ಕಣ್ಣೆದುರು ನಡೆಯುವುದಿಲ್ಲ, ಇಲ್ಲಿ ಹಾಸಿಗೆಯ ಮೇಲೆ ರಕ್ತದ ಸಮೇತ ನಡೆಯುತ್ತದೆ.

ಆಡಿಯೊ ಸುಮಾರು 19 ಗಂಟೆ, ಜೂಲಿಯಾ ವೀಲನ್ ಮತ್ತು ಕರ್ಬಿ ಹೇಬೋರ್ನ್ ಓದಿದ್ದಾರೆ. ಎರಡು ದನಿ ಇರುವುದರಿಂದ ಯಾರ ಅಧ್ಯಾಯ ಎಂಬ ಗೊಂದಲವಿಲ್ಲ. ಅಧ್ಯಾಯದ ತಲೆಯಲ್ಲಿ ಬರುವ ತಾರೀಕು ಟ್ರಾಫಿಕ್ ಸದ್ದಿನಲ್ಲಿ ತಪ್ಪಿಹೋದರೆ ಮಾತ್ರ ಕಷ್ಟ. 30 ಸೆಕೆಂಡು ಹಿಂದಕ್ಕೆ ಒತ್ತಿ ಒತ್ತಿ ಹುಡುಕಬೇಕು. 2008ರ ಮಾತನ್ನು 2011ರ ಮಾತಿನ ಪಕ್ಕ ಇಟ್ಟು ನೋಡಲಂತೂ ಆಗುವುದೇ ಇಲ್ಲ.

ಸಿನಿಮಾದಲ್ಲಿ ಅಂತ್ಯವನ್ನೇ ಬದಲಿಸಿದ್ದಾರೆ ಎಂಬ ಮಾತು ಬಿಡುಗಡೆಗೆ ಮೊದಲು ಓಡಾಡಿತ್ತು. ಬದಲಾಗಿಲ್ಲ. ನಿಕ್ ಅದೇ ಮನೆಯಲ್ಲಿ, ಮರಳಿ ಬಂದ ಅದೇ ಹೆಂಡತಿಯ ಜೊತೆ, ಹುಟ್ಟಲಿರುವ ಮಗುವಿನ ಹೆಸರಿನಲ್ಲಿ ಉಳಿಯುತ್ತಾನೆ. ಆದರೆ ಪುಸ್ತಕದಲ್ಲಿ ಅವನು ನಡೆದದ್ದೆಲ್ಲವನ್ನೂ ಗುಟ್ಟಾಗಿ ಬರೆದಿಟ್ಟಿರುತ್ತಾನೆ, ಬಸುರಿನ ಸುದ್ದಿ ತಿಳಿದ ಮೇಲೆ ತಾನೇ ಅಳಿಸುತ್ತಾನೆ. ಬರಹದಿಂದ ಗಂಡನನ್ನು ಕೆಡವಿದವಳು ಅವನ ಬರಹವನ್ನೂ ಅವನ ಕೈಯಿಂದಲೇ ಅಳಿಸುತ್ತಾಳೆ. ಸಿನಿಮಾ ಈ ಭಾಗವನ್ನು ಬಿಟ್ಟದ್ದು ನನಗೆ ಇಂದಿಗೂ ಸಮ್ಮತವಿಲ್ಲ.

ರಾತ್ರಿ ಮಲಗುವ ಮುಂಚೆ ಮುಕ್ಕಾಲು ಗಂಟೆ ಓದುವ, ಪುಸ್ತಕಕ್ಕೆ ಗೆರೆ ಹಾಕುವ ಅಭ್ಯಾಸ ನನ್ನದು. ಬಳಸಿದ ಪೇಪರ್‌ಬ್ಯಾಕ್‌ಗಿಂತ ಹೆಚ್ಚು ಖರ್ಚು ಮಾಡುವವನೂ ಅಲ್ಲ. ನಿಮಗೆ ಒಂದು ಸಂಜೆ ಮಾತ್ರ ಬಿಡುವಿದ್ದರೆ ಸಿನಿಮಾ ನೋಡಿ, ಎರಡೂವರೆ ಗಂಟೆಗೆ ಒಂದು ನಿಮಿಷ ಕಡಿಮೆ. ಎರಡೂ ಬೇಕೆಂದರೆ ಪುಸ್ತಕ ಮೊದಲು. ಹಿಂದುಮುಂದಾದರೆ ಎರಡನೇ ಭಾಗದ ಮೊದಲ ಪುಟ ಸತ್ತುಹೋಗುತ್ತದೆ. ಪ್ರತಿ ಹಳೆಯದಾದರೂ ಅಡ್ಡಿಯಿಲ್ಲ, ಆದರೆ ಫುಟ್‌ಪಾತಿನ ನಕಲಿ ಮುದ್ರಣ ಬೇಡ. ಅವುಗಳಲ್ಲಿ ಹೊಲಿಗೆಯ ಕಟ್ಟು ತಪ್ಪಿ ಹದಿನಾರು ಪುಟ ಎರಡು ಸಲ ಬರುವುದೂ, ಪೂರ್ತಿ ಬಿಟ್ಟುಹೋಗುವುದೂ ಉಂಟು. ದುಡ್ಡು ಕೊಡುವ ಮುಂಚೆ ಪುಟಸಂಖ್ಯೆ ತಿರುವಿ ನೋಡಿ, ಮೂರು ಭಾಗಗಳ ಶೀರ್ಷಿಕೆ ಪುಟಗಳೂ ಇವೆಯೇ ಎಂದು ನೋಡಿಕೊಳ್ಳಿ. ಕಣ್ಣು ಮಾತ್ರ ಎರಡನೇ ಭಾಗದ ಮೊದಲ ಸಾಲಿನ ಮೇಲೆ ಬೀಳದಿರಲಿ.